ಅಪ್ಪನ ತೋಟದಲ್ಲಿ ನನ್ನ 60 ಮರ

ಇದೆಲ್ಲ ಶುರುವಾಗಿದ್ದು ಅರ್ಧ ಲೋಟ ಹಾಲಿನಿಂದ.

ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಎರಡು ಸೌತೆ ಬಳ್ಳಿ, ಒಂದು ಕುಂಬಳದ ಬಳ್ಳಿ ಬೆಳೆಸಿದ್ದೆ. ಹೂ ಬಿಡುವ ಹೊತ್ತಿಗೆ ಎಲೆಗಳ ಮೇಲೆ ಯಾರೋ ಟಾಲ್ಕಂ ಪೌಡರ್ ಉದುರಿಸಿದ ಹಾಗೆ ಬಿಳಿ ಬಿಳಿ ಮಚ್ಚೆ. ಬೂದಿ ರೋಗ. ನರ್ಸರಿಯವರು ಒಂದು ಸಣ್ಣ ಡಬ್ಬಿ ಶಿಲೀಂಧ್ರನಾಶಕ ಕೊಟ್ಟರು. ಅದರ ಹಿಂದೆ ಬರೆದಿದ್ದ ಎಚ್ಚರಿಕೆಗಳನ್ನು ಓದಿದ ಮೇಲೆ, ನಾಳೆ ಕೋಸಂಬರಿಗೆ ಹೆಚ್ಚುವ ಸೌತೆಕಾಯಿಗೆ ಇದನ್ನು ಹೊಡೀಬೇಕಾ ಅನ್ನಿಸಿತು.

ಹುಡುಕಿದೆ. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸಿಕ್ಕಿತು. ಹಸಿರುಮನೆಯಲ್ಲಿ ಬೆಳೆದ ಝುಕಿನಿ ಗಿಡಗಳಿಗೆ ನೀರು ಬೆರೆಸಿದ ಹಸುವಿನ ಹಾಲು ಸಿಂಪಡಿಸಿದರೆ ಬೂದಿ ರೋಗ ಹತೋಟಿಗೆ ಬಂದಿತ್ತು. ನಾನೂ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ವಾರಕ್ಕೊಮ್ಮೆ ಹೊಡೆದೆ. ಹಳೇ ಎಲೆ ಸರಿಯಾಗಲಿಲ್ಲ. ಆದರೆ ಹೊಸ ಎಲೆಗಳು ಹಸಿರಾಗೇ ಉಳಿದವು. ಆ ಸೀಸನ್ನಿನಲ್ಲಿ ಹನ್ನೊಂದು ಸೌತೆಕಾಯಿ ಕೊಯ್ದೆ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ.

ಹನ್ನೊಂದು ಸೌತೆಕಾಯಿ ಬೆಳೆದವಳು ತಾನೂ ಕೃಷಿಕಳೇ ಅಂದುಕೊಂಡರೆ ಏನಾಗುತ್ತೆ ಅನ್ನೋದು ಮುಂದಿನ ಕಥೆ.

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ನಾನು ಇಂಜಿನಿಯರಿಂಗ್ ಓದಿದ್ದು, ಲ್ಯಾಪ್‌ಟಾಪ್ ಕೊಂಡಿದ್ದು ಎಲ್ಲ ಆ ಅಡಿಕೆಯಿಂದಲೇ. ಮಲೆನಾಡಿನ ಅಡಿಕೆಗೆ ದೊಡ್ಡ ಶತ್ರು ಕೊಳೆರೋಗ. ಮಳೆ ಬಿಡದೆ ಹಿಡಿದುಕೊಂಡಾಗ ಎಳೆ ಕಾಯಿಯ ತೊಟ್ಟಿನ ಹತ್ತಿರ ನೀರಿನಲ್ಲಿ ನೆಂದ ಹಾಗೆ ಕಪ್ಪು ಹಸಿರು ಕಲೆ ಮೂಡುತ್ತೆ, ಆಮೇಲೆ ಬಿಳಿ ಬೂಷ್ಟು, ಆಮೇಲೆ ಕಾಯಿ ಉದುರುತ್ತೆ. ಹಿಡಿದರೆ ಒಂದೆರಡು ವಾರದಲ್ಲಿ ವರ್ಷದ ದುಡಿಮೆ ನೆಲದ ಮೇಲೆ.

ಅದಕ್ಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಔಷಧಿ ಬೋರ್ಡೋ ದ್ರಾವಣ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆಗೆ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಚಿಕ್ಕವಳಿದ್ದಾಗ ಆ ನೀಲಿ ಡ್ರಮ್ ನೋಡೋದೇ ನನಗೆ ಹಬ್ಬ. ಕೊನೆಗಾರ ಮರದಿಂದ ಮರಕ್ಕೆ ದಾಟುತ್ತಾ ಔಷಧಿ ಹೊಡೆದು ಇಳಿದರೆ ಕೈ, ಕೂದಲು, ಅಂಗಿ ಎಲ್ಲ ತಿಳಿ ನೀಲಿ.

ಎರಡು ವರ್ಷದ ಹಿಂದೆ, ಮೇ ಕೊನೆಯಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಅಪ್ಪನಿಗೆ ಈಗ 64. ಸುಣ್ಣ ಕದಡುವಾಗ ಕಣ್ಣಿಗೆ ಹಾರಿ, ಎರಡು ದಿನ ಕಣ್ಣು ಕೆಂಪಾಗಿಸಿಕೊಂಡು ಕೂತಿದ್ದರು. ಕೊನೆಗಾರನ ಬೆರಳ ಸಂದಿನಲ್ಲಿ ಚರ್ಮ ಸುಲಿದಿತ್ತು. ಕೈಗವಸು ಹಾಕಿದರೆ ಮರದ ಮೇಲೆ ಹಿಡಿತ ಸಿಗಲ್ಲ ಅಂತ ಅವನು ಹಾಕುತ್ತಿರಲಿಲ್ಲ. ನನಗೆ ಬಾಲ್ಕನಿ ನೆನಪಾಯಿತು. ‘ಅಪ್ಪಾ, ಇದನ್ನೆಲ್ಲ ಬಿಟ್ಟು ನೈಸರ್ಗಿಕವಾಗಿ ಮಾಡಬಹುದು’ ಅಂದೆ.

ರಾತ್ರಿ ಕೂತು ಲೆಕ್ಕವನ್ನೂ ಹಾಕಿದೆ. ನಮ್ಮಲ್ಲಿ ಎಕರೆಗೆ ಒಂದು ಸುತ್ತಿಗೆ ಮೂರು ಡ್ರಮ್, ಅಂದರೆ 600 ಲೀಟರ್. ಅದಕ್ಕೆ 6 ಕೆ.ಜಿ. ಮೈಲುತುತ್ತ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಎರಡು ಸುತ್ತಿಗೆ ಎಕರೆಗೆ 3 ಕೆ.ಜಿ., ಹೆಕ್ಟೇರಿಗೆ ಹೆಚ್ಚುಕಡಿಮೆ ಏಳೂವರೆ ಕೆ.ಜಿ. ತಾಮ್ರ, ಪ್ರತಿ ವರ್ಷ. ಐರೋಪ್ಯ ಒಕ್ಕೂಟದಲ್ಲಿ ಬೆಳೆಗೆ ಹೊಡೆಯುವ ತಾಮ್ರಕ್ಕೆ ಇರುವ ಮಿತಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ., ಅಂದರೆ ಸರಾಸರಿ ವರ್ಷಕ್ಕೆ 4. ತಾಮ್ರ ಲೋಹ. ಎಲೆಯ ಹಾಗೆ ಕೊಳೆತು ಹೋಗಲ್ಲ. ಮಣ್ಣಲ್ಲೇ ಕೂರುತ್ತೆ, ಹೆಚ್ಚಾದರೆ ಎರೆಹುಳಕ್ಕೆ, ಸೂಕ್ಷ್ಮಜೀವಿಗಳಿಗೆ ತೊಂದರೆ. ಈ ಲೆಕ್ಕ ಇವತ್ತಿಗೂ ಸರಿ ಇದೆ. ತಪ್ಪಿದ್ದು ಅದರಿಂದ ನಾನು ತೆಗೆದ ತೀರ್ಮಾನ.

‘ಎಂತ ಮಾರಾಯ್ತಿ, ಮಜ್ಜಿಗೆ ಕುಡಿಸಿದ್ರೆ ಕೊಳೆ ಹೋಗುತ್ತಾ?’ ಅಂತ ಅಪ್ಪ ನಕ್ಕರು.

‘60 ಮರ ಕೊಡಿ ಸಾಕು. ಉಳಿದಿದ್ದಕ್ಕೆ ನೀವು ಬೋರ್ಡೋ ಹೊಡೀರಿ. ಎರಡನ್ನೂ ಹೋಲಿಸಿ ನೋಡೋಣ.’

ಆಫೀಸಿನಲ್ಲಿ ಹೊಸ ಫೀಚರ್ ಬಿಡುವಾಗ ಸ್ವಲ್ಪ ಜನರಿಗೆ ಹಳೇದು, ಸ್ವಲ್ಪ ಜನರಿಗೆ ಹೊಸದು ತೋರಿಸಿ ಹೋಲಿಸ್ತೀವಲ್ಲ, ಅದೇ ಧಾಟಿ. ಅಪ್ಪ ಒಪ್ಪಿದರು. ಒಂದೇ ಮಾತು ಹೇಳಿದರು: ‘ಮಾಡೋದಾದ್ರೆ ಮೇಲಿನ ಬದಿ ಮಾಡು. ಕೆಳಗೆ ನೀರು ನಿಲ್ಲುತ್ತೆ.’

ನಾನು ಕೆಳಗಿನ ಸಾಲನ್ನೇ ಆರಿಸಿದೆ. ಕಷ್ಟದ ಜಾಗದಲ್ಲಿ ಪಾಸಾದರೆ ಎಲ್ಲ ಕಡೆ ಪಾಸಾದ ಹಾಗೆ ಅಂತ ನನ್ನ ತರ್ಕ. ಆ ಸಾಲಿನ ಆಚೆ ಬೇಲಿ, ಬೇಲಿಯ ಆಚೆ ಪಕ್ಕದ ಮನೆಯವರ ತೋಟ ಅನ್ನೋದು ನನ್ನ ತರ್ಕದಲ್ಲಿ ಇರಲೇ ಇಲ್ಲ.

ಹುಳಿ ಮಜ್ಜಿಗೆಗೆ ನೀರು ಬೆರೆಸಿ, ಅಂಗಡಿಯಿಂದ ತಂದ ಟ್ರೈಕೋಡರ್ಮಾ ಪುಡಿ ಕಲಸಿ, ಸೋಸಿ, ಕೊನೆಗಾರನ ಕೈಲಿ ಕೊನೆಗಳಿಗೆ ಹೊಡೆಸಿದೆ. ಅವನು ವಾಸನೆಗೆ ಮುಖ ಸಿಂಡರಿಸಿದ, ಮಾತಾಡಲಿಲ್ಲ. ಮೃಗಶಿರಾ ಮಳೆಯಲ್ಲಿ ಏನೂ ಆಗಲಿಲ್ಲ. ಆರಿದ್ರಾದಲ್ಲೂ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಗೆಳತಿಯರಿಗೆ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

ಪುನರ್ವಸು ಹಿಡಿಯಿತು ನೋಡಿ. ಹಗಲೂ ರಾತ್ರಿ ಮಳೆ, ನಡುವೆ ಒಂದೆರಡು ಗಂಟೆ ಎಳೆ ಬಿಸಿಲು, ಮತ್ತೆ ಮಳೆ. ಅಪ್ಪ ಫೋನಿನಲ್ಲಿ ಏನೂ ಹೇಳಲಿಲ್ಲ. ಅಮ್ಮ ಹೇಳಿದರು: ‘ಕೆಳಗಿನ ಸಾಲು ಉದುರ್ತಾ ಇದೆ ಮಗಾ. ಒಂದ್ಸಲ ಬಂದು ಹೋಗು.’

ಶನಿವಾರ ಬೆಳಗ್ಗೆ ಬಸ್ಸಿಳಿದು, ಬ್ಯಾಗ್ ಜಗುಲಿ ಮೇಲಿಟ್ಟು, ಕೊಡೆ ಹಿಡಿದು ತೋಟಕ್ಕೆ ಇಳಿದೆ. ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಕೊಂಡಿದ್ದವು. ಕೈಗೆತ್ತಿಕೊಂಡರೆ ಮೇಲೆ ಹತ್ತಿಯಂಥ ಬೂಷ್ಟು, ಹುಳಿ ಮಿಶ್ರಿತ ಕೊಳೆತ ವಾಸನೆ. ಒಂದೊಂದೇ ಮರ ನೋಡುತ್ತಾ ಎಣಿಸಿದೆ. 60ರಲ್ಲಿ 41ಕ್ಕೆ ಕೊಳೆ. ಅಪ್ಪ ಬೋರ್ಡೋ ಹೊಡೆದಿದ್ದ ಮೇಲಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಮರ ಅಷ್ಟೆ.

ಇಷ್ಟಕ್ಕೇ ಮುಗಿದಿದ್ದರೆ ನಮ್ಮ ನಷ್ಟ, ನಮ್ಮ ಪಾಠ. ಬೇಲಿಯಾಚೆ ನೋಡಿದೆ. ಪಕ್ಕದ ತೋಟದ ಅಂಚಿನ ಸಾಲಿನಲ್ಲೂ ಉದುರಲು ಶುರುವಾಗಿತ್ತು. ಅವರೂ ಸಕಾಲಕ್ಕೆ ಔಷಧಿ ಹೊಡೆದವರೇ. ಗಾಳಿ ಮಳೆಯ ಹನಿಯಲ್ಲಿ ರೋಗ ಒಂದು ಕೊನೆಯಿಂದ ಇನ್ನೊಂದಕ್ಕೆ ಸಿಡಿಯುತ್ತೆ, ಅದಕ್ಕೆ ಬೇಲಿ ಕಾಣಲ್ಲ. ಅವರಲ್ಲಿ ಬಂದ ಕೊಳೆಯೆಲ್ಲ ನನ್ನಿಂದಲೇ ಅಂತ ಹೇಳಲಾರೆ. ಆದರೆ ನನ್ನ 60 ಮರಕ್ಕೆ ತಾಗಿದ ಜಾಗದಲ್ಲೇ ಹೆಚ್ಚಿತ್ತು.

ಆ ಮನೆಯ ದೊಡ್ಡಪ್ಪ ಬೇಲಿ ಹತ್ತಿರ ಬಂದರು. ಬೈತಾರೆ ಅಂದುಕೊಂಡೆ. ‘ಕಲಿಯೋ ವಯಸ್ಸು, ಆಗುತ್ತೆ ಬಿಡು’ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಮಧ್ಯಾಹ್ನ ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ಅಪ್ಪ ಕೊನೆಗಾರನನ್ನು ಕರೆಸಿ, ನಮ್ಮ ಸಾಲಿಗಷ್ಟೇ ಅಲ್ಲ, ಅವರ ಅಂಚಿನ ಸಾಲಿಗೂ ನಮ್ಮ ಖರ್ಚಿನಲ್ಲಿ ಬೋರ್ಡೋ ಹೊಡೆಸಿದರು. ನಾನು ಡ್ರಮ್ ಪಕ್ಕ ಕೋಲು ಹಿಡಿದು ಕದಡುತ್ತಾ ನಿಂತಿದ್ದೆ. ರಾತ್ರಿ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕೇಳಿದೆ: ‘ಹೀಗಾಗುತ್ತೆ ಅಂತ ಅಪ್ಪನಿಗೆ ಗೊತ್ತಿತ್ತಾ? ಗಟ್ಟಿಯಾಗಿ ಬೇಡ ಅನ್ನಬಹುದಿತ್ತಲ್ಲ?’

‘ಹೇಗೆ ಅಂತಾರೆ? ನೀನು ಓದಿದವಳು’ ಅಂದರು ಅಮ್ಮ.

ಆ ಮಾತು ಇನ್ನೂ ಚುಚ್ಚುತ್ತೆ. ಓದಿದವಳು ಅಂತ ನಂಬಿ ಕೊಟ್ಟ ಮರಗಳು ಅವು. ನಾನೋ, ಅರ್ಧ ಓದಿದ್ದೆ.

ಉಳಿದರ್ಧ ಆಮೇಲೆ ಓದಿದೆ.

ಬಾಲ್ಕನಿಯ ಬೂದಿ ರೋಗ ನಿಜವಾದ ಶಿಲೀಂಧ್ರ. ಅದು ಎಲೆಯ ಮೇಲ್ಮೈಯಲ್ಲೇ ಹರಡಿಕೊಂಡು ಬದುಕುತ್ತೆ, ಮೊಳೆಯೋಕೆ ಎಲೆ ಒದ್ದೆಯಾಗಿರಬೇಕು ಅಂತಿಲ್ಲ. ಹಾಗಾಗಿ ಬಿಸಿಲಿರುವ, ಮಳೆ ಬೀಳದ ಬಾಲ್ಕನಿಯಲ್ಲಿ ಹೊಡೆದ ಹಾಲು ಎಲೆ ಮೇಲೆ ಉಳಿದು ಕೆಲಸ ಮಾಡಿತು. ಅಡಿಕೆಯ ಕೊಳೆಗೆ ಕಾರಣ ಫೈಟಾಫ್ತೊರಾ. ಗ್ರೀಕ್‌ನಲ್ಲಿ ಆ ಹೆಸರಿಗೆ ‘ಗಿಡಗಳ ನಾಶಕ’ ಅಂತ ಅರ್ಥ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಸಿ ಕ್ಷಾಮ ತಂದದ್ದೂ ಇದೇ ಕುಲದ ಜೀವಿ. ನೋಡೋಕೆ ಬೂಷ್ಟಿನ ಹಾಗಿದ್ದರೂ ಇದು ನಿಜವಾದ ಶಿಲೀಂಧ್ರವೇ ಅಲ್ಲ. ವಂಶಾವಳಿಯಲ್ಲಿ ಕಂದು ಪಾಚಿಗೆ ಹತ್ತಿರದ ನೆಂಟ. ಇದರ ಬೀಜಕಣಗಳಿಗೆ ಬಾಲದಂಥ ಎರಡು ಎಳೆಗಳಿರುತ್ತವೆ, ಕಾಯಿ ಮೇಲಿನ ನೀರಿನ ತೆಳು ಪದರದಲ್ಲಿ ಅವು ಈಜುತ್ತವೆ. ಮಲೆನಾಡಿನ ಮಳೆ ಅಂದರೆ ಅದಕ್ಕೆ ಸ್ವಂತ ಈಜುಕೊಳ.

ಇನ್ನು ಟ್ರೈಕೋಡರ್ಮಾ. ಅದು ರೋಗದ ಶಿಲೀಂಧ್ರಗಳನ್ನು ತಿನ್ನುವ, ಅವುಗಳ ಜಾಗ ಆಕ್ರಮಿಸುವ ಒಳ್ಳೆಯ ಶಿಲೀಂಧ್ರ, ನಿಜ. ಆದರೆ ಅದರ ಮನೆ ಮಣ್ಣು, ಬೇರಿನ ಸುತ್ತ. ನಾನು ಅದನ್ನು ಜಾರುವ ಕಾಯಿಗಳ ಮೇಲೆ, ಸುರಿಯುವ ಮಳೆಯಲ್ಲಿ ಕೂರಿಸೋಕೆ ಹೋಗಿದ್ದೆ. ಮೀನನ್ನು ಮರ ಹತ್ತಿಸಿದ ಹಾಗೆ.

ಬೋರ್ಡೋ ಬಗ್ಗೆಯೂ ಓದಿದೆ. ನಾನು ‘ಕೆಮಿಕಲ್’ ಅಂತ ಒಂದೇ ಪದದಲ್ಲಿ ತಳ್ಳಿಹಾಕಿದ್ದಕ್ಕೆ ಒಂದು ಕಥೆಯೇ ಇದೆ. ಫ್ರಾನ್ಸಿನ ಬೋರ್ಡೋ ಕಡೆ ದಾರಿ ಬದಿಯ ದ್ರಾಕ್ಷಿ ಕದಿಯದಿರಲಿ ಅಂತ ರೈತರು ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಬೂಜು ರೋಗ ಬಾರದಿದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕಡೆ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನೇ ಹಿಡಿದು ಕೂತರು. 1910ರಲ್ಲಿ ಅವರ ವರದಿ ಬಂತು. ಅಡಿಕೆಗೆ ಬೋರ್ಡೋ ಹೊಡೆಯುವುದನ್ನು ಬೆಳೆಗಾರರಿಗೆ ಹೇಳಿಕೊಟ್ಟವರಲ್ಲಿ ಅವರು ಮುಖ್ಯರು. ಇವತ್ತು ಸಾವಯವ ಕೃಷಿಯಲ್ಲೂ ಮಿತಿಯೊಳಗೆ ಬೋರ್ಡೋಗೆ ಅವಕಾಶ ಇದೆ. ಹಾಗಂತ ಮಣ್ಣಿನ ತಾಮ್ರದ ಲೆಕ್ಕ ಸುಳ್ಳಾಗಲ್ಲ. ಒಳ್ಳೇದು, ಕೆಟ್ಟದ್ದು ಅಂತ ಎರಡು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚೋ ವಿಷಯ ಅಲ್ಲ ಇದು.

ಹಾಗಾದರೆ ಬೋರ್ಡೋ ಬರುವ ಮುಂಚೆ ಏನು ಮಾಡ್ತಿದ್ದರು?

ಉತ್ತರ ನಮ್ಮ ಅಟ್ಟದಲ್ಲೇ ಇತ್ತು. ಅಜ್ಜನ ಕಾಲದ ಕೊಟ್ಟೆ. ಅಡಿಕೆ ಹಾಳೆ ಅಥವಾ ಕರಡದ ಹುಲ್ಲಿನಿಂದ ಮಾಡಿದ, ಕೊನೆಗೆ ಟೋಪಿ ಹಾಕಿದ ಹಾಗೆ ಕಟ್ಟುವ ಹೊದಿಕೆ. ಮಳೆ ಹಿಡಿಯುವ ಮುಂಚೆ ಕಟ್ಟಿದರೆ ಕಾಯಿ ನೆನೆಯಲ್ಲ. ಕಾಯಿ ನೆನೆಯದಿದ್ದರೆ ಈಜುವ ಬೀಜಕಣಕ್ಕೆ ನೀರಿಲ್ಲ. ಇಷ್ಟೇ. ಯಾವುದನ್ನೂ ಕೊಲ್ಲಬೇಕಾಗಿಲ್ಲ. ನಾನು ಔಷಧಿಯ ಬದಲಿಗೆ ಇನ್ನೊಂದು ಔಷಧಿ ಹುಡುಕುತ್ತಿದ್ದೆ. ಹಳಬರು ರೋಗಕ್ಕೆ ಬೇಕಾದ ನೀರನ್ನೇ ತಪ್ಪಿಸಿದ್ದರು.

ಮುಂದಿನ ವರ್ಷ ಅದೇ 60 ಮರ ಮತ್ತೆ ಕೇಳಿದೆ. ಕೇಳೋಕೆ ನಾಲ್ಕು ದಿನ ಬೇಕಾಯಿತು. ಈ ಸಲ ಮೊದಲು ಅಪ್ಪನ ಹತ್ತಿರ ಕೂತು ‘ನೀವಾದ್ರೆ ಹೇಗೆ ಮಾಡ್ತೀರಿ?’ ಅಂದೆ. ಅವರು ಮಾತು ಶುರು ಮಾಡಿದ್ದು ಮರದಿಂದಲ್ಲ, ನೆಲದಿಂದ.

ಮೊದಲು ಬಸಿಗಾಲುವೆ. ಕೆಳಗಿನ ಸಾಲಿನ ಕಾಲುವೆ ಹೂಳು ತುಂಬಿ ಅರ್ಧ ಮುಚ್ಚಿತ್ತು. ಏಪ್ರಿಲ್‌ನಲ್ಲೇ ತೆಗೆಸಿದೆವು. ಆಮೇಲೆ ಅಂಚಿನ ಕಾಡುಮರಗಳ ರೆಂಬೆ ಸವರಿ ಗಾಳಿ, ಬೆಳಕು ಬಿಟ್ಟೆವು. ಹಿಂದಿನ ವರ್ಷ ರೋಗ ಬಂದು ಮರದಲ್ಲೇ ಒಣಗಿ ನಿಂತಿದ್ದ ಕೊನೆಗಳನ್ನು ಇಳಿಸಿ ತೋಟದಿಂದ ಹೊರಗೆ ಒಯ್ದು ಸುಟ್ಟೆವು. ಆಮೇಲೆ ಕೊಟ್ಟೆ.

‘ಈಗ ಯಾರಮ್ಮ ಕೊಟ್ಟೆ ಕಟ್ತಾರೆ?’ ಅಂದ ಕೊನೆಗಾರ. ಆದರೆ ಅವನ ಅಪ್ಪ ಕಟ್ಟುತ್ತಿದ್ದುದನ್ನು ಅವನು ನೋಡಿದ್ದ. ಜಗುಲಿಯಲ್ಲಿ ಕೂತು ಹಾಳೆ ನೆನೆಸಿ, ಮಡಚಿ, ದಾರ ಹಾಕುವುದನ್ನು ನನಗೂ ಅಮ್ಮನಿಗೂ ತೋರಿಸಿದ. ಹಾಳೆ ಸಾಕಾಗದೆ ಉಳಿದದ್ದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿದೆವು. 60 ಮರಕ್ಕೆ ಕಟ್ಟೋಕೆ ಎರಡು ದಿನ ಹಿಡಿಯಿತು. ಅದೇ ಮರಗಳಿಗೆ ಬೋರ್ಡೋ ಆಗಿದ್ದರೆ ಅರ್ಧ ದಿನದ ಕೆಲಸ. ಕೊಟ್ಟೆ ಯಾಕೆ ಮೂಲೆಗೆ ಬಿತ್ತು ಅಂತ ಆಗ ಅರ್ಥ ಆಯಿತು. ಮರ ಹತ್ತುವವರೇ ಸಿಗದ ಕಾಲದಲ್ಲಿ ಎರಡು ದಿನ ಅನ್ನೋದು ಸಣ್ಣ ಮಾತಲ್ಲ.

ಆ ವರ್ಷ 60ರಲ್ಲಿ ಕೊಳೆ ಬಂದಿದ್ದು ನಾಲ್ಕು ಮರಕ್ಕೆ. ನಾಲ್ಕರಲ್ಲಿ ಮೂರು ಗಾಳಿಗೆ ಕೊಟ್ಟೆ ಸರಿದುಹೋದವು. ಇದನ್ನು ನಾನು ಗೆಲುವು ಅಂತ ಕುಣಿಯಲ್ಲ. ಆ ಸಲ ಪುನರ್ವಸು ಅಷ್ಟು ಜೋರಾಗಿರಲಿಲ್ಲ, ಕಾಲುವೆಯನ್ನೂ ಸರಿ ಮಾಡಿದ್ದೆವು. ಯಾವುದರಿಂದ ಎಷ್ಟು ಲಾಭ ಆಯಿತು ಅಂತ ಬಿಡಿಸಿ ಹೇಳೋಕೆ ಬರಲ್ಲ. ಪ್ಲಾಸ್ಟಿಕ್ ಕೊಟ್ಟೆ ಇಳಿಸಿ ಎಣಿಸಿ ಕಟ್ಟಿಡುವ ಕೆಲಸ ಬೇರೆ. ಇಲ್ಲದಿದ್ದರೆ ತಾಮ್ರದ ಬದಲು ಪ್ಲಾಸ್ಟಿಕ್ ಮಣ್ಣಿಗೆ ಸೇರಿಸಿದ ಹಾಗಾಗುತ್ತೆ.

ಉಳಿದ ತೋಟಕ್ಕೆ ಬೋರ್ಡೋ ನಿಲ್ಲಿಸಿಲ್ಲ. ಮಾಡುವ ರೀತಿ ಬದಲಾಗಿದೆ. ಮೈಲುತುತ್ತ, ಸುಣ್ಣ ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಅದರ ಮೇಲೆ ಕೆಂಪು ತಾಮ್ರದ ಲೇಪ ಕೂತರೆ ಸುಣ್ಣ ಇನ್ನೂ ಬೇಕು ಅಂತ ಅರ್ಥ. ಮಾಡಿದ ದಿನವೇ ಮುಗಿಸಬೇಕು. ಇದನ್ನೆಲ್ಲ ಅಪ್ಪ ಮೊದಲಿಂದಲೂ ಮಾಡ್ತಿದ್ದರು. ನಾನು ಸೇರಿಸಿದ್ದು ಕಣ್ಣಿಗೆ ಕನ್ನಡಕ, ಹಿಡಿತ ಸಿಗುವ ತೆಳು ರಬ್ಬರ್ ಕೈಗವಸು. ಮೂರು ನಮೂನೆ ತರಿಸಿದ ಮೇಲೆ ಒಂದನ್ನು ಕೊನೆಗಾರ ಒಪ್ಪಿದ.

ಟ್ರೈಕೋಡರ್ಮಾ ಕೂಡ ದಂಡ ಆಗಲಿಲ್ಲ. ಅದನ್ನು ಅದರ ಮನೆಗೆ ಕಳಿಸಿದೆವು. ಕಾಳುಮೆಣಸಿನ ಸೊರಗು ರೋಗವೂ ಫೈಟಾಫ್ತೊರಾದಿಂದಲೇ, ಆದರೆ ಅಲ್ಲಿ ಯುದ್ಧ ನಡೆಯುವುದು ಬುಡದಲ್ಲಿ, ಮಣ್ಣಿನಲ್ಲಿ. 90 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ಕೆ.ಜಿ. ಬೇವಿನ ಹಿಂಡಿ, 1 ಕೆ.ಜಿ. ಟ್ರೈಕೋಡರ್ಮಾ ಕಲಸಿ, ನೆರಳಲ್ಲಿ ಗುಡ್ಡೆ ಮಾಡಿ, ಹದವಾಗಿ ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಎರಡು ವಾರ ಬಿಟ್ಟರೆ ಗೊಬ್ಬರದ ತುಂಬ ಹಬ್ಬುತ್ತೆ. ಆಮೇಲೆ ಬಳ್ಳಿಯ ಬುಡಕ್ಕೆ. ಬೋರ್ಡೋ ಜೊತೆ ಅದೇ ದಿನ ಬೆರೆಸೋ ಹಾಗಿಲ್ಲ. ತಾಮ್ರಕ್ಕೆ ಒಳ್ಳೇ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅನ್ನೋ ಭೇದ ಇಲ್ಲ. ಇದೂ ಮುನ್ನೆಚ್ಚರಿಕೆಯ ಕ್ರಮ ಅಷ್ಟೆ. ಪೂರ್ತಿ ಸೊರಗಿದ ಬಳ್ಳಿಯನ್ನು ಬದುಕಿಸಲ್ಲ.

ನನ್ನ ಹಾಗೆ ಊರಲ್ಲಿ ತೋಟ, ಸಿಟಿಯಲ್ಲಿ ಕೆಲಸ ಇರುವ ಎಷ್ಟೋ ಜನ ಇದನ್ನು ಓದ್ತಾ ಇರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಮಜ್ಜಿಗೆ ಹೊಡೀರಿ, ರೋಗ ಮಾಯ’ ಅನ್ನೋ ವಿಡಿಯೋವನ್ನು ಅಪ್ಪ ಅಮ್ಮನಿಗೆ ಕಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ರೋಗ ಯಾವುದು? ಅದು ಎಲೆ ಮೇಲೆ ಬದುಕುತ್ತಾ, ಮಣ್ಣಲ್ಲಾ, ನೀರಲ್ಲಾ? ಪ್ರಯೋಗ ಕೈಕೊಟ್ಟರೆ ನಷ್ಟ ಯಾರ ತೋಟಕ್ಕೆ? ಬಾಲ್ಕನಿಯ ಬೂದಿ ರೋಗಕ್ಕೆ ಧೈರ್ಯವಾಗಿ ಹಾಲು ಹೊಡೀರಿ. ಸೋತರೆ ಹೋಗೋದು ನಾಲ್ಕು ಸೌತೆಕಾಯಿ. ಅಪ್ಪನ ವರ್ಷದ ಬೆಳೆ ಮೇಲೆ ಮಾಡುವುದಾದರೆ ಮೊದಲು ಅವರನ್ನು ಕೇಳಿ, ಬೇಲಿಯಿಂದ ದೂರ ಮಾಡಿ, ಹತ್ತು ಮರದಿಂದ ಶುರು ಮಾಡಿ.

ಪಕ್ಕದ ತೋಟದ ದೊಡ್ಡಪ್ಪ ಈ ವರ್ಷ ಅವರ ಅಂಚಿನ ಸಾಲಿಗೂ ಕೊಟ್ಟೆ ಕಟ್ಟಿಸುತ್ತೇನೆ ಅಂದಿದ್ದಾರೆ. ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಹಾಳೆ ಒಟ್ಟು ಮಾಡಿಟ್ಟಿದ್ದಾರಂತೆ, ಅಟ್ಟ ತುಂಬಿದೆಯಂತೆ.

‘ನಿನ್ನ 60 ಮರ ಈ ಸಲ 80 ಮಾಡೋಣ್ವಾ?’ ಅಂದರು.

‘ನೀವೇನಂತೀರಿ?’ ಅಂದೆ.

‘ಮೇಲಿನ ಬದಿ 20 ಸೇರಿಸು. ಕೆಳಗೆ ಬೇಡ’ ಅಂದರು.

ಮೇಲಿನ ಬದಿಯೇ ಸೇರಿಸಿದೆ.